ಅಜ್ಜನ ಹೆಬ್ಬೆರಳಿನ ಉಗುರು

"ಸಿಸ್ಟರ್, ಗಾಯ ಚಿಕ್ಕದಾಗಿದೆ ಅಂತ ಬರೆದಿದ್ದೀರಿ. ಅಜ್ಜನ ಉಗುರೂ ಚಿಕ್ಕದಾಗಿದೆಯಾ?"

ಮಂಗಳೂರಿನ ಸರ್ಜನ್ ಫೋನಿನಲ್ಲಿ ಕೇಳಿದ ಈ ಮಾತು ಎರಡು ಮಳೆಗಾಲ ಕಳೆದರೂ ನನ್ನ ಕಿವಿಯಲ್ಲಿ ಹಾಗೇ ಉಂಟು.

ಕಾಸರಗೋಡಿನ ಕುಂಬಳೆ-ಬದಿಯಡ್ಕ ಕಡೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಡ್ರೆಸ್ಸಿಂಗ್ ರೂಮ್ ನನ್ನ ಜವಾಬ್ದಾರಿ. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಇಲ್ಲೇ ಸಿಕ್ಕಿಬಿದ್ದರು. ಗಾಯದ ಫೋಟೋ ತೆಗೆದು ಕಳಿಸುವುದು ಶುರುವಾದದ್ದು ಆಗ. ಗಡಿ ತೆರೆದ ಮೇಲೂ ಅದು ನಿಲ್ಲಲಿಲ್ಲ. ಒಂದು ಡ್ರೆಸ್ಸಿಂಗ್ ತೋರಿಸಲಿಕ್ಕೆ ಮಗ ಒಂದು ದಿನದ ಕೂಲಿ ಬಿಟ್ಟು ಮಂಗಳೂರಿಗೆ ಹೋಗುವುದು ತಪ್ಪುತ್ತದೆ, ಅಲ್ವಾ?

ಕ್ಯಾಮೆರಾ ಕೊಡಿ ಅಂತ ಕ್ಲಿನಿಕ್ಕಿನವರನ್ನು ಕೇಳಿದ್ದೆ. "ಫೋನ್ ಇದೆಯಲ್ಲ" ಅಂದರು. ಹಾಗಾಗಿ ನನ್ನದೇ ಫೋನ್. 300 ರೂಪಾಯಿಯ ಕ್ಲಿಪ್ ಲೆನ್ಸ್ ಒಂದನ್ನೂ ಕೈಯಿಂದ ಹಾಕಿ ತಂದೆ. ಅದರಲ್ಲಿ ಎರಡು ಬೆರಳಷ್ಟು ಹತ್ತಿರ ಹೋಗಬೇಕು, ಫೋನಿನ ನೆರಳೇ ಗಾಯದ ಮೇಲೆ ಬೀಳುತ್ತದೆ. ಡ್ರಾಯರಿಗೆ ಹಾಕಿಬಿಟ್ಟೆ.

ಆ ಅಜ್ಜ ನಮ್ಮ ರೋಗಿ, ಅವರಿಗೆ ಶುಗರ್. ಚಪ್ಪಲಿಯ ಬಾರು ಉಜ್ಜಿ ಎರಡನೇ ಬೆರಳಿನ ಬುಡದಲ್ಲಿ ಗಾಯ. ಮೊದಲ ದಿನ ಸರ್ಜನ್ ತಾವೇ ಅಳೆದು ಚೀಟಿಯಲ್ಲಿ 3.2 × 2.4 ಸೆಂ.ಮೀ. ಅಂತ ಬರೆದಿದ್ದರು. ಶುಗರ್ ಕಾಲಿನ ಗಾಯ ನಾಲ್ಕು ವಾರದಲ್ಲಿ ಅರ್ಧಕ್ಕಾದರೂ ಇಳಿಯಬೇಕು. ಇಳಿಯದಿದ್ದರೆ ಮತ್ತೆ ಮೊದಲಿಂದ ನೋಡಬೇಕು. ನನಗೆ ಗೊತ್ತಿದ್ದದ್ದೇ. ಆದರೂ ಸ್ಕೇಲ್ ಹಿಡಿಯಲಿಲ್ಲ. ವಾರವಾರ ಫೋಟೋ ಇದೆಯಲ್ಲ, ಸಾಕು ಅಂದುಕೊಂಡೆ.

ನಾಲ್ಕನೇ ವಾರ ಜೋರು ಮಳೆ, ಕರೆಂಟಿಲ್ಲ. ಫ್ಲ್ಯಾಶ್ ಹಾಕಿ ನಿಂತಲ್ಲಿಂದಲೇ ತೆಗೆದೆ. ಮೊದಲ ವಾರದ ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದರೆ ಗಾಯ ಅರ್ಧ! ಸುತ್ತಲಿನ ಕೆಂಪೂ ಇಲ್ಲ. ಖುಷಿಯಿಂದ ಅಜ್ಜನಿಗೆ ತೋರಿಸಿದೆ. "ಬೇನೆಲಾ ಇಜ್ಜಿ" ಅಂತ ಅಜ್ಜ ನಕ್ಕರು. ನೋವಿಲ್ಲದ್ದು ನರ ಸತ್ತದ್ದಕ್ಕೆ. ದಿನಾ ಬೇರೆಯವರಿಗೆ ಹೇಳುವ ಮಾತು, ಆ ಹೊತ್ತು ನನಗೇ ನೆನಪಾಗಲಿಲ್ಲ. ಕಟ್ಟು ಹಾಕಿ ಅಜ್ಜನನ್ನು ಮನೆಗೆ ಕಳಿಸಿದೆ. ಗಾಯ ಚಿಕ್ಕದಾಗಿದೆ ಅಂತ ಬರೆದು ಫೋಟೋವನ್ನು ಸರ್ಜನ್‌ಗೆ ಕಳಿಸಿದೆ.

ಹತ್ತು ನಿಮಿಷದಲ್ಲಿ ಆ ಫೋನ್ ಬಂತು. ಎರಡೂ ಫೋಟೋ ಮತ್ತೆ ತೆರೆದೆ. ಮೊದಲನೆಯದರಲ್ಲಿ ಹೆಬ್ಬೆರಳಿನ ಉಗುರು ದೊಡ್ಡದಾಗಿ, ಅದರ ಮೇಲಿನ ಗೆರೆಗಳೂ ಕಾಣುವ ಹಾಗೆ ಇತ್ತು. ಈ ದಿನದ್ದರಲ್ಲಿ ಉಗುರೂ ಅರ್ಧ. ಆವತ್ತು ಒಂದು ಗೇಣು ದೂರದಿಂದ ತೆಗೆದಿದ್ದೆ, ಇವತ್ತು ಒಂದು ಮೊಳದಿಂದ. ಕೆಂಪನ್ನು ಫ್ಲ್ಯಾಶ್ ನುಂಗಿತ್ತು.

ಮಗನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊಡೆ ಇಲ್ಲದೆ ರಸ್ತೆಗೆ ಓಡಿದೆ, ಆಟೋ ಹೋಗಿಯಾಗಿತ್ತು. ನಾಲ್ಕನೇ ಸಲಕ್ಕೆ ಎತ್ತಿದ. ಅವರು ತಿರುಗಿ ಬರುವವರೆಗಿನ ಇಪ್ಪತ್ತು ನಿಮಿಷ ಬಾಗಿಲಲ್ಲೇ ನಿಂತಿದ್ದೆ. ಕಟ್ಟು ಕತ್ತರಿಸಿ ಅಳೆದೆ: 3.6 × 2.7. ನಮ್ಮ ಡಾಕ್ಟ್ರು ಗಾಯದ ಆಳ ನೋಡಲಿಕ್ಕೆ ಪ್ರೋಬ್, ಅಂದರೆ ಸಪೂರ ಕಡ್ಡಿ, ಹಾಕಿದರು. ಟಕ್ ಅಂತ ಎಲುಬಿಗೆ ತಾಗಿತು. ಆ ಸದ್ದು ನನಗೂ ಕೇಳಿಸಿತು.

ಸಂಜೆಯೇ ಮಂಗಳೂರಿಗೆ ಕಳಿಸಿದೆವು. ಎರಡನೇ ಬೆರಳು ತೆಗೆಯಬೇಕಾಯಿತು, ಪಾದ ಉಳಿಯಿತು. ವಾರದ ಮೊದಲೇ ಗೊತ್ತಾಗಿದ್ದರೆ ಬೆರಳೂ ಉಳಿಯುತ್ತಿತ್ತಾ ಅಂತ ಕೇಳಿದೆ. ಹೇಳಲಿಕ್ಕಾಗುವುದಿಲ್ಲ ಅಂದರು.

ಈಗ ಮೊದಲು ಕೈಯಲ್ಲಿ ಅಳೆದು ಕೇಸ್ ಶೀಟಿಗೆ ಬರೆಯುತ್ತೇನೆ. ಆಮೇಲೆ ಫೋಟೋ. ರೋಗಿಯ ನಂಬರ್, ತಾರೀಕು ಬರೆದ ಪೇಪರ್ ಸ್ಕೇಲ್ ಗಾಯದ ಮಟ್ಟದಲ್ಲೇ ಇರಬೇಕು. ಮೇಲೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಪ್ರಿಂಟ್ ಮಾಡಿದ ಮೊದಲ ಸ್ಕೇಲೇ ತಪ್ಪಿತ್ತು. ಪ್ರಿಂಟರ್ ಪುಟಕ್ಕೆ ಹೊಂದಿಸಲಿಕ್ಕೆ ಕುಗ್ಗಿಸಿತ್ತು, ಸ್ಟೀಲ್ ಸ್ಕೇಲ್ ಪಕ್ಕ ಇಟ್ಟಾಗಲೇ ಗೊತ್ತಾದದ್ದು. ಯಾವಾಗಲೂ ಒಂದು ಮೊಳ ದೂರ, ಎರಡು ಪಟ್ಟು ಜೂಮ್, ಫೋನ್ ನೇರ. ತೀರಾ ಹತ್ತಿರ ಹೋದರೆ ಆಕಾರವೇ ಉಬ್ಬಿ ಕಾಣುತ್ತದೆ. ಫ್ಲ್ಯಾಶ್ ಇಲ್ಲ, ಬ್ಯೂಟಿ ಮೋಡ್ ಇಲ್ಲ, ಕಿಟಕಿಯ ಬೆಳಕು ಸಾಕು. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸುತ್ತೇನೆ, ಸುಮ್ನೆ ಕಳಿಸಿದರೆ ಫೋಟೋದ ಸ್ಪಷ್ಟತೆ ಸವೆದುಹೋಗುತ್ತದೆ. ಮೂರು ಸಲ ಕೇಳಿದ ಮೇಲೆ ಕ್ಲಿನಿಕ್ಕಿಗೆ ಅಂತ ಬೇರೆ ಫೋನ್ ಬಂತು. ಅಲ್ಲಿವರೆಗೆ ಜನರ ಗಾಯಗಳೆಲ್ಲ ನನ್ನ ಮಕ್ಕಳ ಫೋಟೋಗಳ ನಡುವೆ ಇದ್ದವು. ಅದು ಆಗಲೇಬಾರದಿತ್ತು.

ಅಜ್ಜ ಈಗಲೂ ತಿಂಗಳಿಗೊಮ್ಮೆ ಕಾಲು ತೋರಿಸಲಿಕ್ಕೆ ಬರುತ್ತಾರೆ. ಗಾಯ ಇಲ್ಲ. ಆದರೂ ನಾಲ್ಕು ಬೆರಳಿನ ಆ ಪಾದವನ್ನು ಹಸಿರು ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಡುತ್ತೇನೆ. ಹೆಬ್ಬೆರಳಿನ ಉಗುರು ಫ್ರೇಮಿನೊಳಗೆ ಬಂದಿದೆಯಾ ಅಂತ ನೋಡಿಯೇ ಬಟನ್ ಒತ್ತುವುದು.