ಹದಿನಾಲ್ಕು ಕಡೆ ‘ಅವನು’

ಪೂರ್ವವೀಕ್ಷಣೆಯ 31ನೇ ನಿಮಿಷದಲ್ಲಿ ನನ್ನ ತಪ್ಪು ಪರದೆಯ ಮೇಲೆ ಬಂದಿತು. ಅದರ ಫಲ ಕಾಣಿಸಿದ್ದು 58ನೇ ನಿಮಿಷದಲ್ಲಿ. ನಡುವಿನ ಆ 27 ನಿಮಿಷ ಕತ್ತಲಲ್ಲಿ ಕುಳಿತಿದ್ದುದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ಆ ಬಾರಿ ಕೈಗೆ ಬಂದದ್ದು ಫಿನ್ನಿಷ್ ಭಾಷೆಯ ಚಿತ್ರ. ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ, ತಾನು ಬಯಸುವುದು ಯಾರನ್ನು ಎಂದು ಮೊದಲ ಬಾರಿಗೆ ತನ್ನನ್ನೇ ಕೇಳಿಕೊಳ್ಳುತ್ತಾನೆ. ಎರಡು ಮೂರು ಕೋಣೆಗಳು, ಒಂದು ಕಾರು, ಬಹಳಷ್ಟು ಮೌನ. ಒಮ್ಮೆಗೆ ಪರದೆಯ ಮೇಲೆ ಬರುವ ಸಬ್‌ಟೈಟಲ್ ತುಣುಕಿಗೆ ನಾವು ಕ್ಯೂ ಎನ್ನುತ್ತೇವೆ. ಇಡೀ ಚಿತ್ರಕ್ಕೆ ಅಂಥ 600 ಕ್ಯೂ ಕೂಡ ಇರಲಿಲ್ಲ. ಮಾತು ಕಡಿಮೆ, ಆದ್ದರಿಂದ ಕೆಲಸ ಸುಲಭ ಎಂದು ನಾಲ್ಕು ದಿನಗಳ ಗಡುವು ಕೊಟ್ಟರು. ಮಾತು ಕಡಿಮೆಯಾದಷ್ಟೂ ಒಂದೊಂದು ಪದದ ಮೇಲಿನ ಭಾರ ಹೆಚ್ಚುತ್ತದೆ. ಕ್ಯೂ ಎಣಿಸಿ ಹಣ ಕೊಡುವವರಿಗೆ ಇದನ್ನು ಹೇಗೆ ಮನಗಾಣಿಸುವುದೋ ನನಗೆ ಇನ್ನೂ ತಿಳಿದಿಲ್ಲ.

ನಾನು ಅಸಡ್ಡೆಯಿಂದ ಕೆಲಸ ಮಾಡಲಿಲ್ಲ. ಹೆಸರುಗಳಿಗೂ ಮುಖ್ಯ ಪದಗಳಿಗೂ ಒಂದೇ ಅನುವಾದ ನಿಗದಿ ಮಾಡುವ ಕೆಎನ್‌ಪಿ ಹಾಳೆ ತುಂಬುವಾಗ ಒಂದೇ ಪದಕ್ಕೆ ಎರಡು ಗಂಟೆ ಚರ್ಚಿಸಿದ್ದೆವು. ‘ಸಲಿಂಗಕಾಮಿ’ ಎಂಬ ಪದವನ್ನು ನಾಯಕನ ಬಾಯಲ್ಲಿ ಇಡಬಾರದು ಎಂದು ಹಟ ಹಿಡಿದವನು ನಾನೇ. ಅವನಿಗೆ ಆಗಿರುವುದು ಪ್ರೀತಿ. ಅದಕ್ಕೆ ‘ಕಾಮಿ’ ಎಂಬ ಬಾಲ ಅಂಟಿಸಿದರೆ ಅವನು ಬಾಯಿ ತೆರೆಯುವ ಮೊದಲೇ ನಾವು ತೀರ್ಪು ಕೊಟ್ಟಂತೆ. ಕೊನೆಗೆ ‘ಗೇ’ ಎಂದೇ ಬರೆಯುವುದೆಂದು ತೀರ್ಮಾನವಾಯಿತು. ಸೂಕ್ಷ್ಮವಾದ ಕೆಲಸವೆಲ್ಲ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸರ್ವನಾಮದ ಕಡೆಗೆ ನನ್ನ ಗಮನ ಹೋಗಲೇ ಇಲ್ಲ.

ಫಿನ್ನಿಷ್‌ನಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಇಬ್ಬರಿಗೂ ‘ಹ್ಯಾನ್’. ಆಡುಮಾತಿನಲ್ಲಿ ಮನುಷ್ಯರಿಗೂ ‘ಸೆ’ ಎನ್ನುತ್ತಾರೆ, ಅಂದರೆ ನಮ್ಮ ‘ಅದು’. ಆ ಚಿತ್ರದ ಕಥೆ ನಿಂತಿರುವುದೇ ಈ ಆಸರೆಯ ಮೇಲೆ. ಕಾರಿನಲ್ಲಿ ಅವನು ಅಕ್ಕನಿಗೆ ತನ್ನ ಮನಸ್ಸಿನಲ್ಲಿರುವವರ ಬಗ್ಗೆ ಹೇಳುತ್ತಾನೆ. ಅವಳು ಸಂತೋಷಪಡುತ್ತಾಳೆ, ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾಳೆ. ಹೆಣ್ಣೆಂದೇ ಅವಳ ನಂಬಿಕೆ. ಅವನು ಒಂದೂ ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ. ಪ್ರೇಕ್ಷಕರಿಗೆ ಗೊತ್ತು, ಅಕ್ಕನಿಗೆ ಗೊತ್ತಿಲ್ಲ.

ನಮ್ಮ ಅನುವಾದಕ್ಕೆ ಆಧಾರವಾದ ಇಂಗ್ಲಿಷ್ ಟೆಂಪ್ಲೇಟ್ ಮಾಡಿದವರು ಇದನ್ನು ಜೋಪಾನವಾಗಿ ಕಾಪಾಡಿದ್ದರು. ಕೆಡಿಸಿದವನು ನಾನು. ‘ಅವರು’ ಎಂದು ಬರೆದು ನೋಡಿದೆ. ಮೇಲಧಿಕಾರಿಯ ಬಗ್ಗೆ ಮಾತನಾಡುತ್ತಿರುವಂತೆ ಕೇಳಿಸಿತು. ‘ಆ ವ್ಯಕ್ತಿ’ ಎಂದೆ. ಸೆಕೆಂಡಿಗೆ ಓದಬಹುದಾದ ಅಕ್ಷರಗಳ ಮಿತಿ ಮೀರಿತು ಎಂದು ತಂತ್ರಾಂಶದಲ್ಲಿ ರೀಡಿಂಗ್ ಸ್ಪೀಡ್ ಕೆಂಪಾಯಿತು. ನಮ್ಮ ಕಣ್ಣಿಗೆ ‘ವ್ಯಕ್ತಿ’ ಎರಡೇ ಅಕ್ಷರ, ಆ ತಂತ್ರಾಂಶ ಏಳು ಎಂದು ಎಣಿಸುತ್ತದೆ. ಒತ್ತಕ್ಷರ ಎಣಿಸಲು ಬಾರದ ಉಪಕರಣದಲ್ಲಿ ಕನ್ನಡ ಬರೆಯಿರಿ ಎನ್ನುವವರ ಮೇಲೆ ನನಗಿರುವ ಸಿಟ್ಟು ಹಳೆಯದು. ಆದರೆ ಮುಂದೆ ಬರೆದದ್ದಕ್ಕೆ ಅದನ್ನು ದೂರಲಾರೆ. ಚಿತ್ರದ ವಿಷಯವೇ ಅದಲ್ಲವೇ, ನೋಡುವವರಿಗೆ ಗೊತ್ತೇ ಇದೆಯಲ್ಲ ಎಂದುಕೊಂಡು ‘ಅವನು’ ಎಂದು ಬರೆದೆ. ಅವನ ಮಾತಿನಲ್ಲೂ ಬರೆದೆ, ಅಕ್ಕನ ಮಾತಿನಲ್ಲೂ ಬರೆದೆ. ಒಟ್ಟು ಹದಿನಾಲ್ಕು ಕಡೆ.

ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟದ ಪರಿಶೀಲನೆಯಲ್ಲಿ, ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಆ ದೃಶ್ಯದ ಮೊದಲ ಕ್ಯೂಗೆ ಟಿಪ್ಪಣಿ ಹಾಕಿದ್ದರು: ‘ಇಲ್ಲಿ ಗಂಡು ಹೆಣ್ಣು ತಿಳಿಯದಂತೆ ಬರೆಯಬಹುದೇ?’ ಅಂದು ಸಂಜೆಯೇ ಡೆಲಿವರಿ. ತೆರೆದಿದ್ದ 40 ಟಿಪ್ಪಣಿಗಳನ್ನು ಮುಚ್ಚಬೇಕಿತ್ತು. ‘ವೈಯಕ್ತಿಕ ಆಯ್ಕೆ, ತಪ್ಪಲ್ಲ’ ಎಂಬ ಸಿದ್ಧ ಉತ್ತರವನ್ನು ಆರಿಸಿ ಮುಚ್ಚಿಬಿಟ್ಟೆ. ಟಿಪ್ಪಣಿಯನ್ನು ಎರಡನೇ ಬಾರಿ ಓದಲಿಲ್ಲ.

ಪೂರ್ವವೀಕ್ಷಣೆಗೆ ಇಪ್ಪತ್ತು ಜನ ಬಂದಿದ್ದರು. ಕಾರಿನ ದೃಶ್ಯ ಬಂದಾಗ ನಾನು ನನ್ನ ಸಾಲುಗಳನ್ನು ಬಿಟ್ಟು ಅಕ್ಕನ ಮುಖವನ್ನು ನೋಡಿದೆ. ಕೆಲಸ ಮಾಡುವಾಗ ನಾವು ಮುಖ ನೋಡುವುದು ಕಡಿಮೆ. ಟೈಮ್‌ಕೋಡ್, ಶಾಟ್ ಚೇಂಜ್, ಸಾಲಿನ ಉದ್ದ ಇವುಗಳಲ್ಲೇ ಕಣ್ಣು ಸಿಕ್ಕಿಕೊಂಡಿರುತ್ತದೆ. ತಮ್ಮ ‘ಅವನನ್ನು ಮರೆಯಲಾಗುತ್ತಿಲ್ಲ’ ಎಂದ. ಅಕ್ಕ ಸ್ವಲ್ಪವೂ ಬೆಚ್ಚದೆ, ನಗುತ್ತಾ, ‘ಅವನನ್ನು ಮನೆಗೆ ಕರೆದುಕೊಂಡು ಬಾ’ ಎಂದಳು. ಆಗ ಹೊಳೆಯಿತು. 58ನೇ ನಿಮಿಷದಲ್ಲಿ ಇವಳು ಕುಸಿದು ಕೂರಬೇಕು. ಯಾವುದನ್ನು ಕೇಳಿ ಕೂರುತ್ತಾಳೆ? ನಾನು ಇವಳಿಗೆ ಈಗಲೇ ಎಲ್ಲವನ್ನೂ ಹೇಳಿಬಿಟ್ಟಿದ್ದೇನೆ.

ಎದ್ದು ಹೋಗಿ ಪ್ರದರ್ಶನ ನಿಲ್ಲಿಸಲೇ ಎಂದುಕೊಂಡೆ. ಯಾರಾದರೂ ಗಮನಿಸಿದರೋ ಎಂದು ಸುತ್ತ ನೋಡಿದೆ, ಎಲ್ಲರೂ ಪರದೆಯನ್ನು ನೋಡುತ್ತಿದ್ದರು. ಐದನೇ ಬಾರಿ ‘ಅವನು’ ಬಂದಿತು, ಒಂಬತ್ತನೇ ಬಾರಿ ಬಂದಿತು. ಎರಡು ಸಾಲು ಮುಂದೆ ಕುಳಿತಿದ್ದ ಆ ಕಿರಿಯ ಸಹೋದ್ಯೋಗಿ ತಲೆ ತಗ್ಗಿಸಿದ್ದು ಕಂಡಿತು. ಕೊನೆಗೆ ಆ ದೃಶ್ಯ. ಅಡುಗೆಮನೆ, ಕಿಟಕಿಯ ಕಡೆ ಮುಖ ಮಾಡಿ ನಿಂತ ತಮ್ಮ, ದೀರ್ಘ ಮೌನ. ಮೂಲದಲ್ಲಿ ಮೂರೇ ಪದ. ಕೆಳಗೆ ನನ್ನ ಕನ್ನಡ: ‘ಅವನು ಗಂಡಸು.’

ಯಾರೋ ನಕ್ಕರು. ಕೆಟ್ಟ ನಗುವಲ್ಲ, ಅರ್ಥವಾಗದವರ ನಗು. ಇನ್ನಿಬ್ಬರು ಸೇರಿಕೊಂಡರು. ಪರದೆಯ ಮೇಲೆ ಒಬ್ಬ ಮನುಷ್ಯ ಬದುಕಿನಲ್ಲೇ ಅತಿ ಕಷ್ಟದ ಮಾತನ್ನು ಆಡಿ ನಡುಗುತ್ತಾ ನಿಂತಿದ್ದ.

ಮಾರನೆಯ ದಿನ ಸಹೋದ್ಯೋಗಿಯ ಬಳಿ ಹೋಗಿ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ನಂತರ ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

“ನಾಲ್ಕು ವರ್ಷಗಳಿಂದ ನಾನು ಮನೆಯಲ್ಲಿ ಹಾಗೆಯೇ ಮಾತನಾಡುತ್ತಿದ್ದೇನೆ, ಸರ್. ‘ಫೋನ್ ಬಂದಿತ್ತು’ ಎನ್ನುತ್ತೇನೆ, ‘ಫೋನ್ ಮಾಡಿದ್ದ’ ಎನ್ನುವುದಿಲ್ಲ. ‘ಊಟ ಆಯಿತಂತೆ’ ಎನ್ನುತ್ತೇನೆ, ‘ಊಟ ಮಾಡಿದನಂತೆ’ ಎನ್ನುವುದಿಲ್ಲ. ‘ಬರುವುದಿಲ್ಲವಂತೆ’ ಎನ್ನುವುದು ಎಲ್ಲಕ್ಕಿಂತ ಸುಲಭ. ಇಲ್ಲ ಎನ್ನುವಾಗ ಕನ್ನಡ ಗಂಡೋ ಹೆಣ್ಣೋ ಎಂದು ಕೇಳುವುದೇ ಇಲ್ಲ.”

ಹದಿನೈದು ವರ್ಷಗಳಿಂದ ಈ ಭಾಷೆಯಲ್ಲಿ ಬರೆದು ಬದುಕುತ್ತಿರುವ ನನಗೆ ಇದು ಹೊಳೆದಿರಲಿಲ್ಲ. ‘ಬಂದನು’, ‘ಬಂದಳು’ ಎಂದು ಕ್ರಿಯಾಪದದ ತುದಿಯಲ್ಲೇ ಗುಟ್ಟು ಬಿಟ್ಟುಕೊಡುವ ಭಾಷೆ, ‘ಬರಲಿಲ್ಲ’, ‘ಬರಬೇಕು’, ‘ಬರಬಹುದು’ ಎನ್ನುವಾಗ ಬಾಯಿ ಬಿಡುವುದಿಲ್ಲ. ವ್ಯಾಕರಣದ ಪುಸ್ತಕದಲ್ಲಿ ಓದಿದ್ದೆ. ಒಬ್ಬರು ಅದರೊಳಗೆ ಅಡಗಿ ಬದುಕುತ್ತಿರಬಹುದು ಎಂದು ಯೋಚಿಸಿರಲಿಲ್ಲ.

ಮರು ಡೆಲಿವರಿಗೆ ಒಂದು ದಿನ ಕೇಳಿದೆ. ‘ಪೋಸ್ಟರ್ ನೋಡಿದವರಿಗೇ ಕಥೆ ಗೊತ್ತಾಗುತ್ತದೆ, ಇಷ್ಟಕ್ಕೆ ಏಕೆ’ ಎಂದರು ಮೇಲಿನವರು. ಅಕ್ಕ ಪೋಸ್ಟರ್ ನೋಡಿಲ್ಲ ಎಂದೆ. ಅರ್ಧ ದಿನ ಸಿಕ್ಕಿತು, ಅದೂ ಹಣವಿಲ್ಲದೆ.

ಇಬ್ಬರೂ ಅಕ್ಕಪಕ್ಕ ಕುಳಿತೆವು. ‘ಒಬ್ಬನ ಪರಿಚಯವಾಗಿದೆ’ ಎಂಬುದು ‘ಒಂದು ಪರಿಚಯವಾಗಿದೆ’ ಎಂದಾಯಿತು. ‘ಅವನನ್ನು ಮರೆಯಲಾಗುತ್ತಿಲ್ಲ’ ಎಂಬುದರಲ್ಲಿ ಮೊದಲ ಪದ ಹೋಯಿತು. ಸಾಲು ಇನ್ನಷ್ಟು ನೋಯತೊಡಗಿತು. ‘ಅವನಿಗೂ ನೀನು ಇಷ್ಟವೇ?’ ಎಂಬ ಅಕ್ಕನ ಪ್ರಶ್ನೆಗೆ ‘ಆ ಕಡೆಯಿಂದಲೂ ಇಷ್ಟವಿದೆಯೇ?’ ಎಂದು ಸಹೋದ್ಯೋಗಿ ತಕ್ಷಣ ಸೂಚಿಸಿದರು, ಹಲವು ಬಾರಿ ಕೇಳಿಸಿಕೊಂಡ ಪ್ರಶ್ನೆಯಂತೆ. ‘ಅವನು ನಕ್ಕರೆ’ ಎಂಬುದು ‘ಆ ನಗು ಕೇಳಿದರೆ’ ಆಯಿತು. ಅಡುಗೆಮನೆಯ ದೃಶ್ಯದಲ್ಲಿ ಒಂದೇ ಪದ ಉಳಿಸಿದೆವು: ‘ಗಂಡಸು.’ ಮೌನ ಮುಗಿಯುವವರೆಗೆ ಮುಂದಿನ ಕ್ಯೂ ಬರುವುದಿಲ್ಲ.

ಆ ಮುಂದಿನ ಕ್ಯೂ ಅಕ್ಕನದು. ಅದನ್ನು ಬದಲಿಸಬೇಕೇ ಎಂದು ಇಬ್ಬರೂ ನೋಡಿದೆವು. ಬೇಕಿರಲಿಲ್ಲ. ಇಡೀ ಚಿತ್ರದಲ್ಲಿ ಆ ಪದ ಬರುವುದು ಈಗ ಅಲ್ಲೇ ಮೊದಲು, ಅದೂ ಅವಳ ಬಾಯಲ್ಲಿ: ‘ಅವನ ಹೆಸರೇನು?’