ಎಂಟ್ರಿ ಹಾಕುವ ಮೊದಲು ಒಂದು ಫೋನ್

ಪಣಂಬೂರಿನ ಬಂದರಿಗೆ ಬರುವ ಸರಕಿಗೆ ಕಸ್ಟಮ್ಸ್ ಕ್ಲಿಯರೆನ್ಸ್ ಮಾಡಿಸುವುದು ನನ್ನ ಕೆಲಸ. ಆಫೀಸಿಗೆ ಹೊಸ ಹುಡುಗರು ಸೇರಿದರೆ ಬಾಸ್ಟನ್ ಚಹಾದ ಕಥೆ ಹೇಳುತ್ತೇನೆ. ಅಮೆರಿಕದ ಬಾಸ್ಟನ್ನಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚೆ ಆ ಚಹಾ ತಂದ ಹಡಗು ಕಾಗದಪತ್ರದಲ್ಲಿ ಹೇಗೆ ಸಿಕ್ಕಿಬಿತ್ತು ಅನ್ನುವುದು ನಮ್ಮ ಕಸುಬಿನವರು ನೋಡಬೇಕಾದ ಭಾಗ.

1773ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈಸ್ಟ್ ಇಂಡಿಯಾ ಕಂಪನಿಗೆ ನೇರವಾಗಿ ಅಮೆರಿಕದ ವಸಾಹತುಗಳಿಗೆ ಚಹಾ ಕಳಿಸಲು ಬಿಟ್ಟಿತು. ಬೆಲೆ ಇಳಿಯಿತು. ಪೌಂಡಿಗೆ 3 ಪೆನ್ಸ್ ಸುಂಕ ಮಾತ್ರ ಹಾಗೇ ಉಳಿಯಿತು. ಅಗ್ಗದ ಚಹಾವನ್ನು ವಸಾಹತಿನ ಜನ ಬೇಡ ಅಂದರು ಅಂದರೆ ಹುಡುಗರಿಗೆ ಆಶ್ಚರ್ಯ. ತಮ್ಮ ಕಡೆಯ ಒಬ್ಬ ಸದಸ್ಯನೂ ಇಲ್ಲದ ಪಾರ್ಲಿಮೆಂಟು ಹಾಕಿದ ಸುಂಕ ಅದು, ಕಟ್ಟಿದರೆ ಅದರ ಹಕ್ಕನ್ನು ಒಪ್ಪಿಕೊಂಡ ಹಾಗೆ. ಡಚ್ ಚಹಾ ಕಳ್ಳಸಾಗಣೆ ಮಾಡುತ್ತಿದ್ದ ವರ್ತಕರಿಗೆ ಹೊಟ್ಟೆಪಾಡಿನ ಚಿಂತೆಯೂ ಇತ್ತು, ಸುಮ್ನೆ ಯಾಕೆ ಮುಚ್ಚಿಡಬೇಕು?

ನವೆಂಬರ್ 28ಕ್ಕೆ ಡಾರ್ಟ್‌ಮೌತ್ ಹಡಗು ಬಾಸ್ಟನ್ನಿಗೆ ಬಂತು. ಕಸ್ಟಮ್ಸ್‌ನಲ್ಲಿ ಎಂಟ್ರಿಯೂ, ಅಂದರೆ ಸರಕು ಬಂದಿದೆ ಅನ್ನುವ ದಾಖಲೆಯೂ ಆಯಿತು. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಜಪ್ತಿ. ಇಳಿಸಲು ಊರವರು ಬಿಡುತ್ತಿಲ್ಲ. ಹಡಗಿನ ಮಾಲೀಕರ ಕಡೆಯ ಫ್ರಾನ್ಸಿಸ್ ರಾಚ್ ವಾಪಸ್ ಹೋಗಲು ಕ್ಲಿಯರೆನ್ಸ್ ಕೇಳಿದ. ಸುಂಕ ಕಟ್ಟದೆ ಕೊಡೋದಿಲ್ಲ ಅಂತ ಕಸ್ಟಮ್ಸ್ ಹೇಳಿತು. ಗವರ್ನರ್ ಹಚಿನ್ಸನ್ ಹತ್ತಿರ ಓಡಿದ. ಕಸ್ಟಮ್ಸ್ ಕ್ಲಿಯರೆನ್ಸ್ ಇಲ್ಲದೆ ಬಂದರು ಬಿಟ್ಟು ಹೋಗುವ ಪಾಸ್ ಕೊಡಲಾರೆ ಅಂದ ಅವನು. ಅವನ ಇಬ್ಬರು ಮಕ್ಕಳೇ ಆ ಚಹಾದ ಏಜೆಂಟರು, ಅದು ಬೇರೆ! ಡಿಸೆಂಬರ್ 16ರ ಸಂಜೆ ರಾಚ್ ಬರಿಗೈಲಿ ವಾಪಸ್ ಬಂದ. ಅವತ್ತೇ ರಾತ್ರಿ ಡಾರ್ಟ್‌ಮೌತ್ ಸೇರಿ ಮೂರು ಹಡಗುಗಳಿಂದ 342 ಪೆಟ್ಟಿಗೆ ನೀರುಪಾಲು.

ಫಿಲಡೆಲ್ಫಿಯಾಕ್ಕೆ ಹೊರಟಿದ್ದ ಪಾಲಿ ಅನ್ನುವ ಹಡಗಿನಲ್ಲೂ ಇದೇ ಚಹಾ. ಅದನ್ನು ಊರಿನ ಕೆಳಗೇ ನದಿಯಲ್ಲಿ ತಡೆದರು. ಎಂಟ್ರಿ ಆಗಿರಲಿಲ್ಲ, ಹಾಗಾಗಿ ಕ್ಯಾಪ್ಟನ್ ಸರಕಿನ ಸಮೇತ ಲಂಡನ್ ದಾರಿ ಹಿಡಿದ. ಚಾರ್ಲ್ಸ್‌ಟನ್‌ಗೆ ಬಂದ ಚಹಾಕ್ಕೆ 20 ದಿನ ಕಳೆಯಿತು, ಕಸ್ಟಮ್ಸ್‌ನವರು ಅದನ್ನು ವಶಕ್ಕೆ ತೆಗೆದುಕೊಂಡು ಎಕ್ಸ್‌ಚೇಂಜ್ ಕಟ್ಟಡದ ನೆಲಮಾಳಿಗೆಗೆ ಹಾಕಿದರು. ಕಾನೂನು ಒಂದೇ ಅಲ್ವಾ? ಹಚಿನ್ಸನ್ ನಿಯಮ ಮೀರಲಿಲ್ಲ, ನಿಜ. ಆದರೆ ಒಂದು ಪಾಸ್ ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ರಾಚ್‌ನ ಓಡಾಟ ನಮಗೆ ಹೊಸದೇನಲ್ಲ. ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸಿದ ಒಬ್ಬರು ಎಂಟ್ರಿ ಆದ ಮೇಲೆ ಕ್ವಾಲಿಟಿ ರಿಪೋರ್ಟ್ ನೋಡಿ, ಸರಕು ಬೇಡ, ವಾಪಸ್ ಕಳಿಸಿ ಅಂದರು. ಶಿಪ್ಪಿಂಗ್ ಲೈನ್, ಅಂದರೆ ಹಡಗಿನ ಕಂಪನಿ, ಕಸ್ಟಮ್ಸ್ ಕಡೆ ಕೈ ತೋರಿಸಿತು. ಕಸ್ಟಮ್ಸ್‌ನವರು ಮೊದಲು ಲೈನ್‌ನಿಂದ ಪತ್ರ ತನ್ನಿ ಅಂದರು. ಯಾರ್ಡಿನಲ್ಲಿ ಬಾಡಿಗೆ ಏರುತ್ತಲೇ ಇತ್ತು. ನಮ್ಮಲ್ಲಿ ಇಳಿಸಿದ 30 ದಿನದೊಳಗೆ ಬಿಡಿಸದ ಸರಕನ್ನು ನೋಟಿಸ್ ಕೊಟ್ಟು ಮಾರಬಹುದು. ಆ ದಿನಾಂಕ ಹತ್ತಿರ ಬಂದಷ್ಟೂ ಆಮದುದಾರರ ಸಿಟ್ಟು ಜಾಸ್ತಿ. ಸುಂಕದ ಮೊತ್ತದ ಬಗ್ಗೆ ಅವರು ಚಕಾರ ಎತ್ತಲಿಲ್ಲ. ಯಾರನ್ನು ಕೇಳಿದರೂ ಇನ್ನೊಬ್ಬರ ಹೆಸರು ಹೇಳುತ್ತಾರಲ್ಲ, ಅದಕ್ಕೆ ಕೂಗಾಡಿದರು.

ಹಾಗಂತ ಎಂಟ್ರಿ ಹಾಕದೆ ಕಾಯುತ್ತಾ ಕೂರುವ ಹಾಗಿಲ್ಲ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ದಂಡ. ಅದಕ್ಕೇ ಹಡಗು ಇನ್ನೂ ದಾರಿಯಲ್ಲಿರುವಾಗಲೇ ಆಮದುದಾರರಿಗೆ ಫೋನ್ ಮಾಡಿಸುತ್ತೇನೆ: ರಿಪೋರ್ಟ್ ನೋಡಿದ್ರಾ, ದುಡ್ಡು ರೆಡಿ ಇದೆಯಾ, ಸರಕು ಬೇಕೇ ಬೇಕಾ? ಉತ್ತರ ವಾಟ್ಸಾಪ್‌ನಲ್ಲಿ ಬರಹದಲ್ಲೇ ಬರಬೇಕು. ಬಂದ ಮೇಲೆ ಎಂಟ್ರಿ ಫೈಲ್ ಮಾಡುತ್ತೇವೆ.