14 ಇಂಚಿನ ಪಾನಾ, ಸೌಟಿನ ಹಿಡಿಕೆ

ನಮ್ಮ ಬಚ್ಚಲುಮನೆಯ ನಲ್ಲಿ ಹನಿಯುತ್ತಿತ್ತು. ಅಷ್ಟೇ. ಟಪ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಹಗಲಲ್ಲಿ ಕೇಳಿಸುತ್ತಲೂ ಇರಲಿಲ್ಲ, ಕಾರವಾರದ ಜುಲೈ ಮಳೆಯ ಮುಂದೆ ಒಂದು ನಲ್ಲಿಯ ಹನಿ ಯಾವ ಲೆಕ್ಕ! ಆದರೆ ರಾತ್ರಿ ಮಳೆ ಬಿಡುವು ಕೊಟ್ಟಾಗ ಮನೆಯಲ್ಲೆಲ್ಲ ಅದೊಂದೇ ಸದ್ದು. ಹೆಂಡತಿ ಮೂರು ರಾತ್ರಿ ಸಹಿಸಿಕೊಂಡಳು. ನಾಲ್ಕನೆಯ ರಾತ್ರಿ ಎದ್ದು ಹೋಗಿ ನಲ್ಲಿಯ ಬಾಯಿಗೆ ಒಂದು ದಾರ ಕಟ್ಟಿ, ತುದಿಯನ್ನು ಬಕೇಟಿಗೆ ಇಳಿಬಿಟ್ಟು ಬಂದಳು. ಹನಿ ದಾರ ಹಿಡಿದು ಸದ್ದಿಲ್ಲದೆ ಇಳಿಯಿತು. ಅಲ್ಲಿಗೇ ಬಿಟ್ಟಿದ್ದರೆ ಇಷ್ಟೆಲ್ಲ ಬರೆಯುವ ಕೆಲಸವೇ ಇರಲಿಲ್ಲ.

ಕೋಡಿಬಾಗದಲ್ಲಿ ನಮ್ಮದು ಬಾಡಿಗೆ ಮನೆ, ಮೇಲಂತಸ್ತು. ಕೆಳಗೆ ಮಾಲೀಕರ ಸಂಸಾರ. ಅವರ ತಾಯಿಯನ್ನು ಎಲ್ಲರೂ ಆಜಿ ಅನ್ನುತ್ತಾರೆ, ನಾವೂ ಹಾಗೇ. ನಲ್ಲಿ ವಿಷಯ ಕಿವಿಗೆ ಬಿದ್ದ ಕೂಡಲೇ ಆಜಿ, "ಪ್ಲಂಬರ್‌ಗೆ ಫೋನ್ ಮಾಡು ಬಾಬಾ, ನೀನು ಅದಕ್ಕೆ ಕೈ ಹಾಕಬೇಡ" ಅಂದರು. ಆ ಮಾತು ಸ್ವಲ್ಪ ಚುಚ್ಚಿತು. ನಾನೇನು ನೀರಿನ ಪೈಪು ಕಾಣದವನೇ? ಶಿರಸಿ ಕಡೆಯ ಹಳ್ಳಿಯಲ್ಲಿ, ಅಬ್ಬಿ ನೀರು ಕುಡಿದು ಬೆಳೆದವನು.

ಶನಿವಾರ ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅರ್ಧ ಇಂಚಿನ ಒಂದು ಪ್ಲಾಸ್ಟಿಕ್ ನಲ್ಲಿ, ಒಂದು ಸುರುಳಿ ಟೆಫ್ಲಾನ್ ಟೇಪು, ಮತ್ತೆ 14 ಇಂಚಿನ ಪೈಪ್ ಪಾನಾ ತಂದೆ. ಪೈಪ್ ರೆಂಚಿಗೆ ಇಲ್ಲಿ ಹಾಗೇ ಅನ್ನುವುದು. ಅಂಗಡಿಯವರು "ನಲ್ಲಿಗೆ ಇಷ್ಟು ದೊಡ್ಡದು ಎಂತಕ್ಕೆ, ಸಣ್ಣ ಸ್ಕ್ರೂ ಪಾನಾ ಸಾಕಲ್ಲ" ಅಂದಿದ್ದರು. ಸ್ಕ್ರೂ ಪಾನಾ ಅಂದರೆ ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪ್ಯಾನರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದಾಗ ಆ ತೂಕವೇ ಒಂದು ಧೈರ್ಯ ಕೊಡುತ್ತದೆ, ನೋಡಿ. ಪ್ಲಾಸ್ಟಿಕ್ ನಲ್ಲಿ ಯಾಕೆ ಅಂದರೆ, ಕಡಲ ಗಾಳಿಗೆ ಇಲ್ಲಿ ಕಬ್ಬಿಣ ಬಾಳುವುದಿಲ್ಲ. ಕಿಟಕಿಯ ಸರಳು, ಗೇಟಿನ ತಿರುಗಣಿ, ಸ್ಕೂಟರಿನ ಸೈಲೆನ್ಸರು, ಎಲ್ಲಕ್ಕೂ ತುಕ್ಕು. ಗೋಡೆಯಲ್ಲಿದ್ದ ಹಳೇ ನಲ್ಲಿ ಹಿತ್ತಾಳೆಯದು, ಅದಕ್ಕೆ ತುಕ್ಕಿನ ಭಯವೇ ಇಲ್ಲ ಅನ್ನೋದು ಆಗ ತಲೆಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಟ್ಯಾಂಕು ಖಾಲಿಯಾಗಿತ್ತು. ಅಂಗಳದ ಬಾವಿಯಿಂದ ಮೋಟರ್ ಹಾಕಿ ತುಂಬಿಸುವ ಹೊತ್ತಿಗೆ ಮುಂಚೆ ಕೆಲಸ ಮುಗಿಸಿದರೆ ವಾಲ್ವ್ ಮುಚ್ಚುವ ಗೋಜೇ ಇಲ್ಲ ಅಂತ ನನ್ನ ಉಪಾಯ. ಹಳೇ ನಲ್ಲಿ ಸುಲಭವಾಗಿ ಬಂತು. ಹೊಸದರ ಮರೆಗೆ, ಅಂದರೆ ಗೋಡೆಯೊಳಗೆ ಹೋಗುವ ತಿರುಪಿನ ಭಾಗಕ್ಕೆ, ಟೇಪು ಸುತ್ತಿ ಕೈಯಿಂದಲೇ ತಿರುಗಿಸಿದೆ, ಹತ್ತಿಕೊಂಡಿತು. ಆದರೂ ಮನಸ್ಸು ಕೇಳಬೇಕಲ್ಲ. ಪಾನಾ ಹಾಕಿ ಅರ್ಧ ಸುತ್ತು ಬಿಗಿ ಮಾಡಿದೆ. ನಲ್ಲಿಯ ಮೂತಿ ಸ್ವಲ್ಪ ಓರೆಯಾಗಿ ನಿಂತಿತು. ನೇರ ಮಾಡೋಣ ಅಂತ ಇನ್ನೊಂದು ಚೂರು ಎಳೆದೆ.

ಟಕ್!

ನಲ್ಲಿ ಕೈಗೆ ಬಂತು. ಮರೆ ಗೋಡೆಯೊಳಗೇ ಉಳಿಯಿತು. ಬಾಗಿಲ ಕಡೆ ತಿರುಗಿ ಹೆಂಡತಿ ನೋಡಿದಳಾ ಅಂತ ನೋಡುವಷ್ಟರಲ್ಲಿ ಕೆಳಗೆ ಮೋಟರ್ ಸದ್ದು. ಮೇಲೆ ನೀರಿಲ್ಲ ಅಂತ ಆಜಿಗೆ ಗೊತ್ತಾಗಿ, ಪಾಪ, ಉಪಕಾರ ಮಾಡಿದ್ದರು.

ನೀರು ಮೊದಲು ಕೆಮ್ಮಿತು, ಆಮೇಲೆ ಎದುರುಗೋಡೆಗೆ ಬಡಿಯಿತು. ಹೆಬ್ಬೆರಳು ತೂರಿಸಿ ನಿಂತೆ. ನಿಂತಿತು. ಅದೇನೂ ನನ್ನ ಶೌರ್ಯವಲ್ಲ, ಟ್ಯಾಂಕು ನಲ್ಲಿಗಿಂತ ಮೂರುವರೆ ಮೀಟರು ಮೇಲಿದೆ, ಅಷ್ಟೇ. ಹತ್ತು ಮೀಟರು ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕೆಜಿ ಒತ್ತಡ ಅನ್ನೋ ಲೆಕ್ಕ ಹಿಡಿದರೆ, ಅರ್ಧ ಇಂಚಿನ ಆ ತೂತಿನಲ್ಲಿ ನನ್ನ ಬೆರಳಿನ ಮೇಲಿದ್ದದ್ದು ಮುಕ್ಕಾಲು ಕೆಜಿಯೂ ಅಲ್ಲ. ಆದರೆ ಬೆರಳು ತೆಗೆದರೆ ಒಂದು ನಿಮಿಷದಲ್ಲಿ ಬಕೇಟು ತುಂಬುತ್ತದೆ.

ಹೆಂಡತಿ ಮೋಟರ್ ನಿಲ್ಲಿಸಲು ಕೂಗಿ ಹೇಳಿ, ಮಳೆಯಲ್ಲೇ ಟೆರೇಸಿಗೆ ಓಡಿದಳು. ಟ್ಯಾಂಕಿನ ಕೆಳಗಿನ ಗೇಟ್ ವಾಲ್ವಿನ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದೆ ಒಳಗಿನದೆಲ್ಲ ಹಾಳಾಗಿತ್ತು. ಅವಳು ತೊಯ್ದು ತೊಪ್ಪೆಯಾಗಿ ಇಳಿದು ಬಂದು ನನ್ನ ಮುಖ ನೋಡಿ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಪ್ಲಂಬರ್ ಫೋನ್ ಎತ್ತಿದರು, ಆದರೆ ಅಂಕೋಲೆಯಲ್ಲಿದ್ದರು, ನಾಳೆ ಬೆಳಿಗ್ಗೆ ಅಂದರು. ಬೇರೆ ದಾರಿ ಕಾಣದೆ ಅಪ್ಪನಿಗೆ ಹಚ್ಚಿಸಿದೆ. ಫೋನನ್ನು ಅವಳೇ ಕಿವಿಗೆ ಹಿಡಿದಳು, ನನ್ನ ಒಂದು ಕೈ ಗೋಡೆಯಲ್ಲಿ.

ಅಪ್ಪನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಊರ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ, ಕಪ್ಪು ಪೈಪಿನಲ್ಲಿ. ಮೋಟರ್ ಇಲ್ಲ, ಕರೆಂಟ್ ಇಲ್ಲ, ನೀರು ತಾನಾಗಿ ಇಳಿಯುತ್ತದೆ. ಮನೆಗಿಂತ ಇಪ್ಪತ್ತು ಮೀಟರಿಗೂ ಜಾಸ್ತಿ ಎತ್ತರ, ಹಾಗಾಗಿ ಅಲ್ಲಿ ಪೈಪು ಒಡೆದರೆ ಹೆಬ್ಬೆರಳಿನ ಆಟ ನಡೆಯುವುದಿಲ್ಲ. ಮರದ ಟೊಂಗೆ ಬೀಳುತ್ತದೆ, ಹಂದಿ ಕೆದಕುತ್ತದೆ, ಬಾಯಿಗೆ ಎಲೆ ಕಟ್ಟುತ್ತದೆ, ಏನಾದರೊಂದು ಇದ್ದೇ ಇದೆ. ಅಪ್ಪ ಹೊರಟರೆ ಜೊತೆಗೆ ಒಂದು ಕತ್ತಿ, ಹಳೇ ಸೈಕಲ್ ಟ್ಯೂಬು, ಒಂದಿಷ್ಟು ತಂತಿ, ಬೆಂಕಿಪೊಟ್ಟಣ. ಒಣ ಸೋಗೆಗೆ ಬೆಂಕಿ ಹಚ್ಚಿ ಪೈಪಿನ ತುದಿಯನ್ನು ಬಿಸಿ ಮಾಡಿದರೆ ಅದು ಮೆತ್ತಗಾಗುತ್ತದೆ, ಆಗ ಜಾಯಿಂಟರಿನ ಮೇಲೆ ಒತ್ತಿ ಏರಿಸಿ ಆರಲು ಬಿಡುವುದು, ಆಮೇಲೆ ತಂತಿ ಬಿಗಿಯುವುದು. ಅವರ ಕೈಯಲ್ಲಿ ನಾನು ಯಾವತ್ತೂ ಪಾನಾ ನೋಡಿದ್ದಿಲ್ಲ.

"ನೀರು ನಿಲ್ಸಲೆ ಪಾನಾ ಎಂತಕ್ಕೋ ತಮಾ" ಅಂದರು ಎಲ್ಲ ಕೇಳಿ. "ಹೆದರಡ. ಒಂದು ಕೋಲು ಕೆತ್ತಿ, ಬಟ್ಟೆ ಸುತ್ತಿ ಹೊಡೆ."

ಕಾರವಾರದ ಬಾಡಿಗೆ ಮನೆಯಲ್ಲಿ ಕೋಲು ಎಲ್ಲಿಂದ ತರುವುದು? ಹೆಂಡತಿ ಅಡುಗೆಮನೆಯಲ್ಲಿ ಹುಡುಕಿ, ಕೊನೆಗೆ ಚಿಪ್ಪಿನ ಸೌಟು ಹಿಡಿದು ಬಂದಳು. ತವರಿಂದ ತಂದದ್ದು, ಮರದ ಹಿಡಿಕೆ. ಒಂದು ಗಳಿಗೆ ಅದನ್ನೇ ನೋಡಿದಳು, ಆಮೇಲೆ ಮೆಟ್ಟುಗತ್ತಿಯ ಮುಂದೆ ಕೂತು ತಾನೇ ತುದಿ ಚೂಪು ಮಾಡಿದಳು. ಪಂಚೆಯ ತುಂಡು ಸುತ್ತಿ, ಬೆರಳು ತೆಗೆದ ಕೂಡಲೇ ತೂರಿಸಿ, ಅದೇ 14 ಇಂಚಿನ ಪಾನಾದ ಹಿಂಬದಿಯಿಂದ ಎರಡು ಪೆಟ್ಟು ಹಾಕಿದೆ. ಮೊದಮೊದಲು ಜಿನುಗುತ್ತಿತ್ತು. ಸಂಜೆ ಹೊತ್ತಿಗೆ ಮರ ನೀರು ಕುಡಿದು ಉಬ್ಬಿ, ಜಿನುಗುವುದೂ ನಿಂತಿತು.

ಮರುದಿನ ಪ್ಲಂಬರ್ ಬಂದರು. ಒಂದು ಸಣ್ಣ ರೆಗ್ಸಿನ್ ಚೀಲ. ನಾನು ಅವರಿಗಿಂತ ಅವರ ಚೀಲವನ್ನೇ ನೋಡುತ್ತಿದ್ದೆ. ಹತ್ತಿಂಚಿನ ಸ್ಕ್ರೂ ಪಾನಾ, ಒಂದು ವಾಟರ್ ಪಂಪ್ ಪ್ಲೈಯರ್, ಒಂದು ತುದಿಗೆ ಬಟ್ಟೆ ಸುತ್ತಿದ ಅರ್ಧ ಮುರಿದ ಹ್ಯಾಕ್ಸಾ ಬ್ಲೇಡು, ಅಗಲ ಮೂತಿಯ ಹಳೇ ಸ್ಕ್ರೂಡ್ರೈವರ್, ಟೂತ್‌ಬ್ರಶ್ಶು, ಟೇಪು, ಮತ್ತೆ ಒಂದು ಡಬ್ಬಿ ತುಂಬ ರಬ್ಬರ್ ವಾಷರ್. ಕೊಳೆತ ಗೇಟ್ ವಾಲ್ವ್ ತೆಗೆದು ಹಾಕಲು ಒಂದು ಬಾಲ್ ವಾಲ್ವ್ ಮಾತ್ರ ದಾರಿಯಲ್ಲಿ ಹೊಸದಾಗಿ ಕೊಂಡು ತಂದಿದ್ದರು. ಮೊದಲು ಅದನ್ನೇ ಹಾಕಿದರು. ಅದರ ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ, ಕತ್ತಲಲ್ಲೂ ಗೊತ್ತಾಗುತ್ತದೆ.

ಆಮೇಲೆ ಗೋಡೆಯೊಳಗೆ ಉಳಿದ ಮರೆ. ನಾನು ಉಳಿ ತಗೊಂಡು ಟೈಲ್ಸ್ ಒಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ಕ್ರೂಡ್ರೈವರನ್ನು ನಮ್ಮ ಗ್ಯಾಸಿನ ಒಲೆಯಲ್ಲಿ ಕಾಯಿಸಿ, ಆ ಪ್ಲಾಸ್ಟಿಕ್ಕಿನೊಳಗೆ ಒತ್ತಿ, ಸುಮ್ನೆ ಕೂತರು. ಪ್ಲಾಸ್ಟಿಕ್ ಕರಗಿ ಕಬ್ಬಿಣ ಕಚ್ಚಿಕೊಂಡು ಆರುವವರೆಗೆ ನಮ್ಮೂರ ಅಡಿಕೆ ರೇಟು ವಿಚಾರಿಸಿದರು. ಆಮೇಲೆ ಎಡಕ್ಕೆ ತಿರುಗಿಸಿದರು. ಸುರುಳಿ ಸುರುಳಿಯಾಗಿ ಇಡೀ ಮರೆ ಹೊರಗೆ ಬಂತು! ಬರದಿದ್ದರೆ ಬ್ಲೇಡಿನಿಂದ ಒಳಗಿನ ಲೋಹದ ಮರೆಗೆ ತಾಗದ ಹಾಗೆ ಗೀರಿ ತೆಗೆಯಬೇಕಂತೆ. ಅದು ತಾಳ್ಮೆಯ ಕೆಲಸ.

"ನಿನ್ನೆ ನಲ್ಲಿ ಮುರಿದಿದ್ದೇ ಒಳ್ಳೇದಾಯ್ತು" ಅಂದರು. "ಹಿತ್ತಾಳೆ ನಲ್ಲಿಯನ್ನ ಇದರಿಂದ ಎಳೆದಿದ್ದರೆ ಗೋಡೆಯೊಳಗಿನ ಎಲ್ಬೋ ಹೋಗ್ತಿತ್ತು." ಎಲ್ಬೋ ಅಂದರೆ ಪೈಪು ತಿರುಗುವಲ್ಲಿನ ಮೊಣಕೈಯಂಥ ತುಂಡು. ಪೈಪ್ ಪಾನಾಕ್ಕೆ ಹಲ್ಲಿದೆ, ತಿರುಗಿಸಿದಷ್ಟೂ ಕಚ್ಚುತ್ತಾ ಹೋಗುತ್ತದೆ, ಅದು ದುಂಡು ಕಬ್ಬಿಣದ ಪೈಪಿಗೆ ಹೇಳಿ ಮಾಡಿಸಿದ್ದು. ಚಪ್ಪಟೆ ಮೈಯಿರುವ ನಲ್ಲಿಗೆ ಸ್ಕ್ರೂ ಪಾನಾ. ಅದೂ ಕೈಯಿಂದ ಆದಷ್ಟು ಬಿಗಿ ಮಾಡಿದ ಮೇಲೆ ಸ್ವಲ್ಪವೇ. ನಾನು ಟೇಪು ಸುತ್ತಿದ್ದೂ ಉಲ್ಟಾ. ಮರೆಯ ತುದಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಬೇಕು, ಇಲ್ಲದಿದ್ದರೆ ನಲ್ಲಿ ಒಳಗೆ ಹೋಗುವಾಗ ಟೇಪು ಬಿಚ್ಚಿಕೊಳ್ಳುತ್ತದೆ.

ನಿಜವಾದ ಅವಮಾನ ಇನ್ನೂ ಬಾಕಿ ಇತ್ತು. "ಹಳೇ ನಲ್ಲಿ ಎಲ್ಲಿದೆ?" ಅಂತ ಕೇಳಿದರು. ಕಸದ ಬುಟ್ಟಿಯಿಂದ ತೆಗೆದು ಕೊಟ್ಟೆ. ತಲೆ ಬಿಚ್ಚಿ, ಸವೆದು ತೆಳ್ಳಗಾಗಿದ್ದ ವಾಷರ್ ಕಿತ್ತು, ಅದು ಕೂರುವ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ನುಣ್ಣಗಿತ್ತು. ಡಬ್ಬಿಯಿಂದ ಒಂದು ಹೊಸ ವಾಷರ್ ಹಾಕಿದರು. ಗೋಡೆಯ ಮರೆಯನ್ನು ಬ್ರಶ್ಶಿನಿಂದ ಉಜ್ಜಿ, ಟೇಪು ಸುತ್ತಿ, ಅದೇ ನಲ್ಲಿಯನ್ನು ಅದೇ ಜಾಗದಲ್ಲಿ ಕೂರಿಸಿದರು. ಹನಿ ನಿಂತಿತು. ವಾಷರ್‌ಗೆ ಎಷ್ಟು ಅಂತ ಕೇಳಿದೆ. "ಅದಕ್ಕೇನು ತಗೊಳ್ಳೋದು" ಅಂದರು.

ಈಗ ನಾನೂ ಒಂದು ಬಿಸ್ಕಿಟ್ ಡಬ್ಬಿ ಮಾಡಿಟ್ಟಿದ್ದೇನೆ. ಸಣ್ಣ ಸ್ಕ್ರೂ ಪಾನಾ, ಟೇಪು, ಬ್ಲೇಡು, ಅರ್ಧ ಇಂಚಿನ ನಾಲ್ಕು ವಾಷರ್, ಒಂದು ಎಂಡ್ ಪ್ಲಗ್. ಈ ಪ್ಲಗ್ಗಿಗೆ ಹತ್ತಿಪ್ಪತ್ತು ರೂಪಾಯಿ, ನಲ್ಲಿ ಬಿಚ್ಚಿದ ಜಾಗಕ್ಕೆ ಇದನ್ನು ತಿರುಗಿಸಿಬಿಟ್ಟರೆ ಅಂಗಡಿಗೆ ಆರಾಮಾಗಿ ಹೋಗಿ ಬರಬಹುದು. ಅದರ ಪಕ್ಕದಲ್ಲೇ ಪಂಚೆ ತುಂಡಿನ ಸಮೇತ ಸೌಟಿನ ಹಿಡಿಕೆಯೂ ಇದೆ. ತಿಂಗಳಿಗೊಮ್ಮೆ ಟೆರೇಸಿಗೆ ಹೋಗಿ ವಾಲ್ವನ್ನು ಒಮ್ಮೆ ಮುಚ್ಚಿ ತೆರೆದು ಬರುತ್ತೇನೆ, ಹಿಡಿದುಕೊಳ್ಳಬಾರದು ಅಂತ. ದೊಡ್ಡ ಪಾನಾವನ್ನು ಮಾಲೀಕರು ಬಾವಿ ಮೋಟರಿನ ಕಬ್ಬಿಣದ ಪೈಪು ಬಿಚ್ಚಲು ಒಯ್ದರು, ಇನ್ನೂ ವಾಪಸ್ ಬಂದಿಲ್ಲ, ನಾನು ಕೇಳಿಯೂ ಇಲ್ಲ.

ಮನೆಗೆ ಹೊಸ ಸೌಟು ಬಂದಿದೆ. ಸ್ಟೀಲಿನದು.